ರುದ್ರಾಣಿಯ ಬೆನ್ನು

ಅವಳ ಮುಖ ಬಿಡಿಸು ಅಂದರೆ ಬಿಡಿಸಲಾರೆ.
ಬೆನ್ನು ಕೇಳಿ.

ಬಲ ಹೆಗಲ ಕೆಳಗೆ ಹುಣಸೆಬೀಜದಂಥ ಮಚ್ಚೆ.
ನಂಬರಿನ ಬಟ್ಟೆಗೆ ನಾಲ್ಕು ಪಿನ್ನು,
ಮೂರೇ ಸಿಕ್ಕ ದಿನ ಒಂದು ಮೂಲೆ ಪಟಪಟ
ಎಂಟುನೂರು ಮೀಟರೂ ನನ್ನನ್ನು ಹಂಗಿಸುತ್ತಿತ್ತು.
ಜಡೆ ಎಡಕ್ಕೆ ಬಡಿದರೆ ದಮ್ಮು ಉಳಿಸಿಕೊಂಡಿದ್ದಾಳೆ,
ನಡುಬೆನ್ನಿಗೆ ಅಂಟಿದರೆ ಈಗ ಕಿತ್ತುಕೊಂಡು ಹೋಗುತ್ತಾಳೆ.
ಒಂಬತ್ತು ವರ್ಷ ಇದೇ ನನ್ನ ಓದು.

ಅವಳ ಚಡ್ಡಿ ಹೊಲಿದವನೂ ನನ್ನಪ್ಪನೇ,
ಪೆನ್ಷನ್ ಮೊಹಲ್ಲಾದ ಟೈಲರ್.
ಒಂದೇ ಥಾನು, ಒಂದೇ ನೀಲಿ,
ನನ್ನದು ಮಾತ್ರ ನಾಲ್ಕು ಬೆರಳು ಉದ್ದ.
ಸೋತಾಗಲೆಲ್ಲ ತಪ್ಪು ಆ ನಾಲ್ಕು ಬೆರಳಿನದು.
ಅಪ್ಪ ಸೂಜಿ ಕಚ್ಚಿಕೊಂಡೇ ಕೇಳುತ್ತಿದ್ದ:
ಬಟ್ಟೆ ಓಡುತ್ತದೇನೇ?

ಅವಳು ಅರಸೀಕೆರೆಯವಳು. ಅಪ್ಪ ಕೀಮ್ಯಾನ್,
ಹೆಗಲಿಗೆ ಸುತ್ತಿಗೆ, ದಿನಾ ಬಾಣಾವರದ ದಿಕ್ಕಿಗೆ
ಹಳಿ ತಟ್ಟುತ್ತ ನಡೆಯುವವನು.
ಪಕ್ಕದ ಕಾಲುದಾರಿಯಲ್ಲಿ ಕಂಬದಿಂದ ಕಂಬಕ್ಕೆ
ಇವಳು ಓಡಿಹೋಗಿ ಕಾಯುವುದು, ಅವನು ಬರುವುದು,
ಮತ್ತೆ ಓಡುವುದು.
ಅದಕ್ಕೆ ತರಬೇತಿ ಎನ್ನುತ್ತಾರೆಂದು
ಪುಟ್ಟಸಿದ್ದಪ್ಪ ಮೇಷ್ಟ್ರು ಹೇಳುವವರೆಗೆ ಇಬ್ಬರಿಗೂ ಗೊತ್ತಿರಲಿಲ್ಲ.
ಸಡಿಲವಾದ ಕೀಲಿ ಬೇರೆ ದನಿಯಲ್ಲಿ ಮಾತಾಡುತ್ತೆ, ಅನ್ನುತ್ತಿದ್ದಳು.

ಹಾಸನದ ಸ್ಟೇಡಿಯಂ ಆಗ ಬರೀ ಮಣ್ಣು.
ಬೆಳಗಿನ ಐದೂವರೆಗೆ ಮಂಜು ಎಷ್ಟೆಂದರೆ
ಸುಣ್ಣದ ಗೆರೆ ನಾಲ್ಕು ಹೆಜ್ಜೆಯಾಚೆ ಇರುತ್ತಲೇ ಇರಲಿಲ್ಲ.
ಬರಿಗಾಲು. ದಪ್ ದಪ್ ದಪ್.
ನನ್ನ ಹಿಮ್ಮಡಿ ನೆಲ ಬಡಿಯುತ್ತದೆಂದು ಮೇಷ್ಟ್ರಿಗೆ ಸಿಟ್ಟು:
ಭತ್ತ ಕುಟ್ಟೋಕೆ ಬಂದ್ಯೇನಮ್ಮ ಶಮೀಮ್?
ಮುಗಿದ ಮೇಲೆ ಬೇಯಿಸಿದ ಆಲೂಗಡ್ಡೆ, ಕಲ್ಲುಪ್ಪು.
ಅವಳಿಗೆ ಮೂರು, ನನಗೆ ಮೂರು. ಅದೊಂದರಲ್ಲಿ ಸಮ.

ಎಲ್ಲರೂ ಕೊನೆಯ ನೂರನ್ನು ನೋಡುತ್ತಾರೆ.
ಸಾಯುವುದು ಅಲ್ಲಲ್ಲ. ಗಂಟೆ ಹೊಡೆದ ಮೇಲೆ,
ಐನೂರಕ್ಕೂ ಆರುನೂರಕ್ಕೂ ನಡುವೆ,
ಚಪ್ಪಾಳೆ ತಲುಪದ ಆಚೆ ಬದಿಯಲ್ಲಿ
ತೊಡೆಯೊಳಗೆ ಯಾರೋ ಸೀಸ ಹೊಯ್ಯುತ್ತಾರೆ.
ಅವಳು ಹೊರಡುತ್ತಿದ್ದದ್ದು ಸರಿಯಾಗಿ ಅಲ್ಲಿ.
ಹೇಳದೆ ಕೇಳದೆ, ಮಾತಿನ ನಡುವೆ ಎದ್ದುಹೋದವಳ ಹಾಗೆ.

ಮೈಸೂರು, ಮಂಗಳೂರು, ತಿರುವನಂತಪುರ.
ಅವಳ ಪದಕಗಳ ಲೆಕ್ಕ ಪೇಪರಿನವರ ಹತ್ತಿರ ಇರಬಹುದು,
ನನ್ನವು ಅವುಗಳ ನೆರಳು.
ಒಮ್ಮೆಯೂ ಹಿಂದೆ ತಿರುಗಿ ನೋಡಿದವಳಲ್ಲ.
ಗರ್ವ ಅಂದರು ಜನ. ನಾನೂ ಅಂದೆ.

ಆಮೇಲೆ ಬೆಂಗಳೂರು, ರಬ್ಬರಿನ ಕೆಂಪು ಟ್ರ್ಯಾಕು.
ಕಾಲಿಗೆ ಹೊಸ ಶೂಸು. ಹೊರದೇಶಕ್ಕೆ ಆಯ್ಕೆ,
ಇಬ್ಬರಿಗೆ ಮಾತ್ರ ಜಾಗ.
ಆರುನೂರು ದಾಟಿತು. ಅವಳು ಮುಂದೆ, ಜಡೆ ನಡುಬೆನ್ನಿಗೆ.
ಕೊನೆಯ ತಿರುವು.
ತಿರುಗಿದಳು.

ಓಟದಲ್ಲಿ ಮೊದಲ ಸಲ ಅವಳ ಮುಖ ಕಂಡೆ.
ಆ ಅರೆಗಳಿಗೆಯಲ್ಲಿ ಹೊರಗಿನಿಂದ ಪಂಜಾಬಿನವಳು ಹೋದಳು,
ಕೇರಳದವಳು ಹೋದಳು,
ನಾನೂ ಹೋದೆ.
ಮೂರನೆಯವಳು ನಾನು, ನಾಲ್ಕನೆಯವಳು ರುದ್ರಾಣಿ.
ಅವಳನ್ನು ಸೋಲಿಸಿದೆ ಎನ್ನಲು ಬಾಯಿ ತೆರೆದರೆ
ಬರೀ ಉಪ್ಪು.

ಹತ್ತೊಂಬತ್ತು ವರ್ಷ. ಮೊನ್ನೆ ಅರಸೀಕೆರೆ ಜಂಕ್ಷನ್ನಿನಲ್ಲಿ
ಕಪ್ಪು ಕೋಟು, ಕಂಕುಳಲ್ಲಿ ಚಾರ್ಟು, ಟೀಸಿ ರುದ್ರಾಣಿ.
ಮೊದಲು ಟಿಕೆಟ್ ಕೇಳಿದಳು, ಆಮೇಲೆ ಅಪ್ಪಿದಳು.
ಟೀ ಕುಡಿಯುವಾಗ ನಾನೂ ಕೇಳಿಯೇಬಿಟ್ಟೆ:
ಅವತ್ತು ಯಾಕೆ ತಿರುಗಿದೆ?

ಟೀ ಊದಿ ಊದಿ ಆರಿಸಿದಳು.
'ಶುರುವಿಂದ ನಿನ್ನ ದಪ್ ದಪ್ ಇರಲೇ ಇಲ್ಲ ಕಣೇ.
ಆಲಿಸ್ತಾನೇ ಇದ್ದೆ. ಕೊನೆಗೆ ತಡೀಲಿಲ್ಲ.
ಬಿದ್ಯೇನೋ ಅಂದ್ಕೊಂಡೆ.'

ಗಾಡಿ ಬಂತು. ಬೋಗಿಯ ಕಡೆಗೆ ಅವಳು ಮುಂದೆ ನಡೆದಳು,
ಎಡಗಾಲು ಸ್ವಲ್ಪ ಕುಂಟು,
ಕೋಟಿನ ಬೆನ್ನ ಹೊಲಿಗೆ ಒಂದಿಂಚು ಬಿಟ್ಟಿತ್ತು.
ದಾಟಬಹುದಿತ್ತು.
ಹಿಂದೆಯೇ ಉಳಿದು
ಪ್ಲಾಟ್‌ಫಾರಮ್ಮಿನ ಕಲ್ಲಿಗೆ
ಚಪ್ಪಲಿಯ ಹಿಮ್ಮಡಿ ಬಡಿಬಡಿದು
ಹೆಜ್ಜೆ ಇಟ್ಟೆ.