ಬಹುದು

ಹತ್ತೊಂಬತ್ತು ವರ್ಷದ ಹಿಂದೆ ತಾರ್ತುವಿನ ಹಾಸ್ಟೆಲಿನಲ್ಲಿ
ಹೀಟರು ಕೆಟ್ಟ ರಾತ್ರಿ, ತುದಿ ಕತ್ತರಿಸಿದ ಕೈಗವಸು ತೊಟ್ಟು
ನಾನು ಬರೆದ ಸಾಲು ಇದು:
“ಈ ಆದೇಶದಿಂದ ಡಿಸ್ಕಿನಲ್ಲಿರುವುದನ್ನು ಅಳಿಸಬಹುದು.”
ಚುಕ್ಕಿ ಇಟ್ಟೆ. ಮಲಗಿದೆ.

ಆ ಆಪರೇಟಿಂಗ್ ಸಿಸ್ಟಂ ಯಾರ ಸ್ವತ್ತೂ ಅಲ್ಲ,
ಬಿಡುವಿದ್ದವರು ಕಟ್ಟಿದ್ದು, ಬೇಕಾದವರು ಒಯ್ದದ್ದು.
ಅದರ ಕೈಪಿಡಿಯ ಎಂಟುನೂರು ಪುಟಗಳಲ್ಲಿ
ನನ್ನದು ಆರೂವರೆ. ಹೆಸರೂ ಹಾಕಿಲ್ಲ.
ಆಮೇಲೆ ಮದುವೆ, ವಿಚ್ಛೇದನ, ಬ್ಯಾಂಕಿನ ಕೆಲಸ, ಒಂದು ನಾಯಿ.
ಸಾಲು ಅಲ್ಲೇ ಇತ್ತು.

ಹೀಯುಮಾ ದ್ವೀಪದ ಪ್ರೀಡಿಕ್ ತಮ್ಮಾರು
ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವವರು.
ಯಾರೋ ಬಿಸಾಕಿದ ಕಂಪ್ಯೂಟರು, ಪುಕ್ಕಟೆ ಸಿಸ್ಟಂ,
ಅದರೊಳಗೆ ಹದಿಮೂರು ವಸಂತದ ಲೆಕ್ಕ:
ಯಾವ ಬಾತು, ಯಾವ ಬೆಳಗು, ರೆಕ್ಕೆ ಎಷ್ಟು ಮಿಲಿಮೀಟರು,
ಗಾಳಿ ಎತ್ತಣದ್ದು.
ನಕಲು ಇನ್ನೂ ಯಾರಿಗೂ ಕಳಿಸಿರಲಿಲ್ಲ.
ಕೈಪಿಡಿ ಓದುವವರೇ ಕಡಿಮೆ; ಅವರು ಓದಿದರು,
ಬೆರಳಿಟ್ಟು, ಪದ ಪದ.
ಅಳಿಸಬಹುದು, ಅಂದರೆ ಬೇಕಿದ್ದರೆ ಅಳಿಸಬಹುದು,
ಬೇಡವೆಂದರೆ ಬಿಡಬಹುದು, ಹೇಗೂ ಕೇಳುತ್ತದೆ
ಅಂದುಕೊಂಡು ಎಂಟರ್ ಒತ್ತಿದರು.

ಕೇಳಲಿಲ್ಲ.

ಸಿಟ್ಟಿನ ಪತ್ರ ಬಂದಿದ್ದರೆ ಉತ್ತರ ಸುಲಭವಿತ್ತು.
ಅವರು ಬರೆದದ್ದು ಹೀಗೆ: “ತಪ್ಪು ನನ್ನದೇ ಇರಬಹುದು.”
ನನ್ನ ಪದವನ್ನೇ ತೊಳೆದು ಮಡಚಿ
ನನಗೆ ಮರಳಿಸಿದ್ದರು.

ಕೈಪಿಡಿ ತಿದ್ದುವ ಉರ್ವೆ ಹಿಂದೆ ಪತ್ರಿಕೆಯೊಂದರಲ್ಲಿ
ಕರಡು ನೋಡುತ್ತಿದ್ದವರು, ಮರಣವಾರ್ತೆಯ ಪುಟ.
ಅಲ್ಲಿ ತಪ್ಪಾದರೆ ಕ್ಷಮೆ ಕೇಳಲು ಆಸಾಮಿಯೇ ಇರುವುದಿಲ್ಲ ಎನ್ನುತ್ತಾರೆ.
ಫೋನು ಮಾಡಿದರು: “ಅಳಿಸುತ್ತದೆಯೋ ಇಲ್ಲವೋ?”
“ಸಾಮಾನ್ಯವಾಗಿ...” ಎಂದೆ.
“ನಿನಗೆ ಗೊತ್ತಿಲ್ಲವೋ, ನೀನು ಹೇಳುತ್ತಿಲ್ಲವೋ?
ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೋಗಿದ್ದೀಯ.
ಎರಡೂ ಕೋಣೆಯಲ್ಲಿ ಜನ ಎಡವುತ್ತಿದ್ದಾರೆ.”

ಗೊತ್ತಿರಲಿಲ್ಲ.
ಇಪ್ಪತ್ತೆರಡರ ಹುಡುಗ ತನಗೆ ಗೊತ್ತಿಲ್ಲದ್ದನ್ನು
ವಿನಯದಂತೆ ಕಾಣುವ ಒಂದು ಪದದಲ್ಲಿ ಸುತ್ತಿ
ಪುಟದೊಳಗೆ ಬಚ್ಚಿಟ್ಟಿದ್ದ.

ಆ ಶನಿವಾರ ಹಳೆಯ ಡಿಸ್ಕು ಹನ್ನೊಂದು ಕೂಡಿಹಾಕಿ
ಅಡುಗೆಮನೆಯ ಮೇಜಿನ ಮೇಲೆ, ಒಂದೊಂದಕ್ಕೂ
ಅದೇ ಆದೇಶ ಕೊಟ್ಟೆ, ಮೊದಲ ಸಲ.
ಹತ್ತು ಅಳಿದವು. ಒಂದು ಉಳಿಯಿತು:
ಅದರ ಬದಿಯ ಪುಟ್ಟ ಬೀಗವನ್ನು ಯಾರೋ ಎಂದೋ ಎಳೆದಿಟ್ಟಿದ್ದರು,
ಒಳಗೆ ಬೀಟ್ರೂಟ್ ಸೂಪು ಮಾಡುವ ವಿಧಾನ,
ಎಂಟು ಜನಕ್ಕೆ.
ನಾಯಿ ಮೇಜಿನ ಕೆಳಗಿಂದ ಒಂದು ಕಣ್ಣು ತೆರೆದು ನೋಡಿತು.

ಆಗ ಬರೆದೆ:
“ಈ ಆದೇಶ ಡಿಸ್ಕಿನಲ್ಲಿರುವ ಎಲ್ಲವನ್ನೂ ಅಳಿಸುತ್ತದೆ.
ಅಳಿಸುವ ಮೊದಲು ನಿಮ್ಮನ್ನು ಕೇಳುವುದಿಲ್ಲ.
ಬೀಗ ಎಳೆದ ಡಿಸ್ಕನ್ನು ಮುಟ್ಟುವುದಿಲ್ಲ.”
ಉರ್ವೆ ‘ಎಲ್ಲವನ್ನೂ’ ಹತ್ತಿರ ನಿಂತರು,
ಪದ ಸದ್ದು ಮಾಡುತ್ತದೆ ಎಂದರು,
ಆಮೇಲೆ, ಮಾಡಲಿ ಬಿಡು ಎಂದರು.
ಪೋರ್ಟೊದಿಂದ ಒಬ್ಬ ಕೇಳಿದ: ಕೋಡು ಒಂದಕ್ಷರ ಬದಲಾಗಿಲ್ಲ,
ಇದನ್ನೂ ರಿಪೇರಿ ಅನ್ನುತ್ತೀರಾ?
ಕೋಡನ್ನೂ ತಿದ್ದುತ್ತೇವೆ. ಅದಕ್ಕೆ ವರ್ಷ ಹಿಡಿಯುತ್ತದೆ.
ಅಷ್ಟರೊಳಗೆ ಎಲ್ಲೋ ಯಾರೋ
ಬೆರಳಿಟ್ಟು ಓದುತ್ತಿರುತ್ತಾರೆ.

ಹೊಸ ಸಾಲುಗಳನ್ನು ಪ್ರೀಡಿಕ್‌ಗೆ ಕಳಿಸಿದೆ.
ಲೆಕ್ಕ ಮರಳಿ ಬರುವುದಿಲ್ಲ, ಅದನ್ನೂ ಬರೆದೆ,
‘ಬಹುಶಃ’ ಎಂದು ಮೊದಲು ಹಾಕಿ, ಆಮೇಲೆ ಹೊಡೆದು.
ಒಂದು ತಿಂಗಳಾದ ಮೇಲೆ ಉತ್ತರ:
ವಸಂತ ತಡವಾಗಿದೆ, ಕೊಲ್ಲಿಯಲ್ಲಿ ಇನ್ನೂ ಹಿಮಗಡ್ಡೆ.
ಹಳೆಯ ಉಂಗುರದ ಬಾತೊಂದು ಬಲೆಗೆ ಬಿತ್ತು.
ನಂಬರು ಸ್ಪಷ್ಟವಾಗಿದೆ, ತೊಡಿಸಿದವನು ನಾನೇ.
ಎಂದು, ಯಾವ ಗಾಳಿಯಲ್ಲಿ?
“ಗೊತ್ತಿಲ್ಲ ಎಂದೇ ಬರೆದುಕೊಂಡೆ,
ಹಾರಲು ಬಿಟ್ಟೆ.”