ಕಾಸಿಗೊಂದು, ಕೊಸರಿಗೊಂದು

ಬಮಾಕೊದ ಈ ಬೀದಿಯಲ್ಲಿ ಹಾಡು ಅಳೆದು ಮಾರುತ್ತೇವೆ,
ಕಡಲೆಕಾಯಿಯ ಹಾಗೆ.
ಒಂದಕ್ಕೆ ಇಪ್ಪತ್ತೈದು ಫ್ರಾಂಕು, ನೂರಕ್ಕೆ ಐದು.
ನನ್ನ ಅಂಗಡಿಯೆಂದರೆ ಒಂದು ಛತ್ರಿ, ಒಂದು ಬೆಂಚು,
‘ಎನ್’ ಗುಂಡಿ ಉದುರಿದ ಲ್ಯಾಪ್‌ಟಾಪು,
ಪಕ್ಕದ ಟೈಲರನ ಬಲ್ಬಿನಿಂದ ಎಳೆದ ಕರೆಂಟು.
ಗಿರಾಕಿಗೆ ಹೆಸರು ಗೊತ್ತಿರುವುದಿಲ್ಲ. ಗುನುಗುತ್ತಾನೆ.
ಗುನುಗಿದ್ದು ಯಾವುದೆಂದು ಹುಡುಕಿಕೊಡುವುದೇ ನನ್ನ ವಿದ್ಯೆ,
ಉಳಿದದ್ದು ಬರೀ ತಂತಿಯ ಕೆಲಸ.

ಎದುರಿಗೆ, ಹೋದ ತಿಂಗಳಿಂದ, ಕಂಪನಿಯ ದೊಡ್ಡ ಛತ್ರಿ.
ಅದರಡಿ ನನ್ನ ಸೋದರತ್ತೆಯ ಮಗ ಬುರಾಮ, ಹಳದಿ ಅಂಗಿಯಲ್ಲಿ,
‘ನಾಲ್ಕು ಕೋಟಿ ಹಾಡು, ತಿಂಗಳಿಗೆ ಸಾವಿರದೈನೂರು’ ಎಂದು ಕೂಗುತ್ತಾನೆ.
ನಾಲ್ಕು ಕೋಟಿ! ಕೇಳಿ ಮುಗಿಸುವಷ್ಟು ಆಯುಸ್ಸನ್ನೂ
ಕಂಪನಿಯೇ ಕೊಡುತ್ತದೆಯೇನೋ ಎಂದು ಛೇಡಿಸುತ್ತೇನೆ.
ಕಾಸು ನಿಂತರೆ ಹಾಡೂ ನಿಲ್ಲುತ್ತದಂತೆ,
ಮದುವೆ ಮುಗಿದ ಮೇಲೆ ಬಾಡಿಗೆ ಕುರ್ಚಿ ಒಯ್ಯುವ ಹಾಗೆ.
ನಾನು ಕೊಟ್ಟದ್ದು ಕೊಟ್ಟದ್ದೇ.
ಆದರೂ ನಿಜ ಹೇಳಬೇಕಲ್ಲ, ನಾನೂ ಸೋಲುತ್ತಿದ್ದೇನೆ:
ಶಾಲೆಯ ಹುಡುಗರು ಫೋನಿಗೆ ಫೋನು ತಾಗಿಸಿ ಬಿಟ್ಟಿ ದಾಟಿಸಿಕೊಳ್ಳುತ್ತಾರೆ.
ನಾನು ಕದ್ದದ್ದನ್ನು ಅವರು ಕದಿಯುತ್ತಾರೆ.
ಯಾರಿಗೆ ದೂರು ಕೊಡಲಿ?

ಶುಕ್ರವಾರ, ನಮಾಜು ಕಳೆದು, ಬಂದಳೊಬ್ಬಳು,
ಗೋರಂಟಿಗೆ ಕಪ್ಪಾದ ಬೆರಳು, ಕೈಯಲ್ಲಿ ಮಡಿಸಿದ ಕಾಗದ.
‘ಗುನುಗಮ್ಮಾ’ ಎಂದೆ.
ಗುನುಗಲಿಲ್ಲ. ಹಾಡಿದಳು.
ಟೈಲರನ ಕಾಲು ಪೆಡಲಿನ ಮೇಲೆ ನಿಂತಿತು.
ಬುರಾಮ ನಾಲ್ಕು ಕೋಟಿಯ ನಡುವೆಲ್ಲೋ ಬಾಯಿ ಮುಚ್ಚಿದ.

ಇತ್ತು ನನ್ನಲ್ಲಿ. ಎರಡು ವರ್ಷದಿಂದ ಮಾರುತ್ತಿದ್ದೇನೆ,
ಸಾವಿರಕ್ಕೆ ಕಡಿಮೆಯಿಲ್ಲ. ಹೆಸರು: ‘ಮದುವೆ ಹೆಂಗಸು ೩’.

ಕಾಗದ ಬಿಡಿಸಿದಳು. ಕಂಪನಿಯ ಲೆಕ್ಕ:
ಮೂರು ತಿಂಗಳು, ನೂರಾಹನ್ನೆರಡು ಸಲ, ಹದಿನೆಂಟು ಫ್ರಾಂಕು.
‘ಇವರು ಇಷ್ಟು ಕೊಟ್ಟರು. ನೀನು?’

ನಿನ್ನನ್ನು ಸಿಕಾಸೊವರೆಗೆ ಕೇಳಿಸಿದ್ದೇ ನಾನು ಎಂದೆ,
ಲಾರಿಯವರ ಫೋನಿನಲ್ಲಿ ಗಡಿ ದಾಟಿಸಿದ್ದು ನಾನು,
ಮದುವೆಗಳಲ್ಲಿ ನಿನ್ನ ಹಣೆಗೆ ನೋಟು ಅಂಟಿಸುವವರು
ನಿನ್ನನ್ನು ಮೊದಲು ಕೇಳಿದ್ದು ಈ ಬೆಂಚಿನ ಮೇಲೆ…
ಹೇಳುತ್ತ ಹೇಳುತ್ತ ದನಿ ಇಳಿಯಿತು.
ಅವಳು ದುಡ್ಡು ಕೇಳಲಿಲ್ಲ.
‘ಹೆಸರು ಬರಿ’ ಎಂದಳು. ‘ತೆನೆನ್.’

‘ಎನ್’ ಗುಂಡಿ ಇಲ್ಲವಲ್ಲ.
ಬೇರೊಬ್ಬನ ಹೆಸರಿನಿಂದ ಒಂದು ಎನ್ ನಕಲು ಮಾಡಿ
ಎರಡು ಕಡೆ ಅಂಟಿಸಿದೆ. ಅವನ ಹೆಸರಿಗೇನೂ ಕಡಿಮೆಯಾಗಲಿಲ್ಲ.
ಇದನ್ನೇ ತೋರಿಸಿ ವಾದ ಮಾಡಬಹುದಿತ್ತು.
ಮಾಡಲಿಲ್ಲ.

‘ಈಗ ನನಗೊಂದು ಹಾಕಿಕೊಡು’ ಎಂದು ಫೋನು ಚಾಚಿದಳು.
ರೆಕಾರ್ಡಿಂಗಿನವನು ಕಂಪನಿಗೆ ಕೊಟ್ಟ, ಅವಳಿಗೆ ಪ್ರತಿ ಕೊಟ್ಟಿರಲಿಲ್ಲವಂತೆ.
ಬೇಡವೆಂದರೂ ಬೆಂಚಿನ ಮೇಲೆ ಇಪ್ಪತ್ತೈದರ ನಾಣ್ಯ ಇಟ್ಟಳು,
ಹದಿನೆಂಟರ ಮೇಲೆ ಏಳು, ಸೆರಗಿನ ಗಂಟಿನಿಂದ.

ಕೊಸರು ಕೊಡುವುದು ನಮ್ಮ ಬೀದಿಯ ಪದ್ಧತಿ.
‘ಇನ್ನೊಂದು ಯಾವುದು ಹಾಕಲಿ?’
ಹಳದಿ ಛತ್ರಿಯ ಕಡೆ ನೋಡಿದಳು, ಯೋಚಿಸಿದಳು,
ಆಮೇಲೆ, ಮೊದಲ ಸಲ, ಗುನುಗಿದಳು.
ಯಾರ ಹಾಡೋ.
ಅವಳಿಗೂ ಹೆಸರು ಗೊತ್ತಿರಲಿಲ್ಲ.