ಇಪ್ಪತ್ತೈದರ ಕಟ್ಟು

ಬೀಡಿಯನ್ನೂ ಕಟ್ಟುವುದು, ಕಥೆಯನ್ನೂ ಕಟ್ಟುವುದು.
ಎರಡಕ್ಕೂ ಮಾತು ಒಂದೇ ಎಂದು ನನಗೆ ಹೊಳೆದದ್ದು
ಬಜಾಲಿನ ನಮ್ಮ ಜಗಲಿಯಲ್ಲಿ,
ಮಧ್ಯಾಹ್ನದ ಗಂಜಿ ಮುಗಿದ ಮೇಲೆ,
ಆರು ತಡ್ಪೆಗಳ ನಡುವೆ.

ವಾರಿಜಕ್ಕನ ತಡ್ಪೆ ಮಾತ್ರ ಖಾಲಿ.
ಬೆರಳ ಗಂಟುಗಳು ಬಾತು
ನೂಲಿಗೆ ಒಲ್ಲೆನೆಂದು ಎರಡು ವರ್ಷ.
ಆದರೂ ಅವಳ ಪುಸ್ತಕದಲ್ಲಿ ದಿನವೂ
ಇನ್ನೂರು, ಇನ್ನೂರಿಪ್ಪತ್ತೈದು.
ಅಮ್ಮನದು ಎರಡು ಕಟ್ಟು, ನೆಬಿಸಾಳದು ಎರಡು,
ಪಕ್ಕದ ಮನೆಯ ಅತ್ತಿಗೆ ನಾದಿನಿಯರದು ನಾಲ್ಕು,
ಸೆವ್ರಿನ್ ಬಾಯಿಯದು ಕಥೆ ಚೆಂದವಾದ ದಿನ ಒಂದು,
ಇಲ್ಲದ ದಿನ ಇಲ್ಲ.

ರಾಜ ರಾಣಿಯರನ್ನು ಅವಳು ಬಲ್ಲಳಲ್ಲ.
ಕೂಳೂರು ಸಂಕದ ಮೇಲೆ ಸೀನಿ
ಹಲ್ಲುಸೆಟ್ಟು ಹೊಳೆಗೆ ಬಿಟ್ಟ ಮದುಮಗ,
ಅತ್ತೆಯನ್ನು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮರೆತು
ಕೊಡೆಯನ್ನು ಮಾತ್ರ ಇಳಿಸಿಕೊಂಡ ಸೊಸೆ,
ಹೆಂಚಿನ ಕಾರ್ಖಾನೆಯ ಚಿಮಣಿಯೊಳಗೆ
ಬಾಡಿಗೆ ಕೊಡದೆ ಸಂಸಾರ ಹೂಡಿದ ಪ್ರೇತ.

ಕೇಳುವವರು ನಡುನಡುವೆ ‘ಬೊಕ್ಕ?’ ಅನ್ನಬೇಕು.
ಬೊಕ್ಕ ಎಂದರೆ ಆಮೇಲೆ.
ಬೊಕ್ಕ ಎಂದರೆ ನನಗಿನ್ನೂ ತೂಕಡಿಕೆ ಬಂದಿಲ್ಲ.
ಬೊಕ್ಕ ಎಂದರೆ
ಇನ್ನೊಂದು ಎಲೆ ಸುರುಳಿಯಾಗಿ ಬಾಯಿ ಮುಚ್ಚಿತು.

ಬ್ರಾಂಚಿನಲ್ಲಿ ಚೆಕ್ಕರ್ ಐತಪ್ಪ
ಕಟ್ಟು ಹಿಸುಕಿ ನೋಡಿ ಒಂದು ದಿನ ಅಂದ:
‘ಇದು ಒಂದು ಕೈಯಲ್ಲ, ಐದು ಕೈ.’
‘ಹೌದು,’ ಅಂದಳು ವಾರಿಜಕ್ಕ, ‘ಬಾಯಿ ಮಾತ್ರ ಒಂದು.’
‘ಇದು ಯಾಕೆ ಸಡಿಲ?’
‘ಅಲ್ಲಿ ಹಲ್ಲುಸೆಟ್ಟು ಬಿತ್ತು.’
‘ಇದು ಕಗ್ಗಲ್ಲು?’
‘ಅಲ್ಲಿ ಚಿಮಣಿಯೊಳಗೆ ಯಾರೋ ಕೆಮ್ಮಿದರು.’
ಅವನು ನಗಲಿಲ್ಲ. ನಾಲ್ಕು ಬೀಡಿ ಮುರಿದೆಸೆದ.
ಉಳಿದದ್ದು ಬರೆದುಕೊಂಡ. ಪೆನ್ನು ಕಿವಿಗೆ ಸಿಕ್ಕಿಸಿ
ರಸ್ತೆಯ ಕಡೆ ನೋಡುತ್ತ, ಯಾರಿಗೋ ಎಂಬಂತೆ,
‘ಬೊಕ್ಕ?’ ಅಂದ.

ಆ ಬೀಡಿಗಳು ಲಾರಿ ಹತ್ತಿದವು.
ಘಟ್ಟದಾಚೆ ಯಾವುದೋ ಗೂಡಂಗಡಿಯ ಮುಂದೆ ಯಾರೋ
ನಮ್ಮ ನಗುವಿಗೆ ಕಡ್ಡಿ ಗೀರಿ ಕೆಮ್ಮಿರಬೇಕು.
ನೆನೆದರೆ ಈಗಲೂ ಎದೆ ಕಿರಿಕಿರಿ.
ನಾನು ಓದಿದ್ದು ಅದೇ ದುಡ್ಡಿನಲ್ಲಿ.

ಈಗ ನನ್ನ ಕೆಲಸ ಡಯಾಲಿಸಿಸ್ ವಾರ್ಡಿನಲ್ಲಿ.
ನಾಲ್ಕು ಗಂಟೆ ರಕ್ತ ಪೇಟೆಗೆ ಹೋಗಿ ಬರುತ್ತದೆ.
ಸೂಜಿ ಚುಚ್ಚುವಾಗ ಸೊಸೆಯನ್ನು ಬಸ್ಸು ಹತ್ತಿಸುತ್ತೇನೆ,
ಪ್ರೆಶರ್ ಇಳಿದರೆ ಪ್ರೇತವನ್ನು ಎಬ್ಬಿಸುತ್ತೇನೆ.
ಡಾಕ್ಟರು ದಾಟಿ ಹೋಗುವ ತನಕ
ಮದುಮಗ ಬಾಯಿ ಮುಚ್ಚಿಕೊಂಡಿರುತ್ತಾನೆ.

ವಾರಿಜಕ್ಕ ಕಥೆಯನ್ನು ಅರ್ಧಕ್ಕೆ ಬಿಟ್ಟವಳಲ್ಲ.
‘ಇಪ್ಪತ್ತಮೂರಕ್ಕೆ ಕಟ್ಟು ಆಗುತ್ತದಾ?’ ಅನ್ನುವಳು.
ನಾನು ಬಿಡುತ್ತೇನೆ, ಬೇಕೆಂದೇ.
ಮಂಗಳವಾರ ಸೊಸೆಯನ್ನು ಪಡೀಲಿನಲ್ಲಿ ನಿಲ್ಲಿಸಿದರೆ
ಶುಕ್ರವಾರ ನಾಲ್ಕನೇ ಬೆಡ್ಡಿನ ಬಾಳಪ್ಪಣ್ಣ
ಬಸ್ ಚಾರ್ಜಿಲ್ಲ, ಮೈಯಲ್ಲಿ ಆಗುವುದಿಲ್ಲ ಎಂದೆಲ್ಲ ಹೇಳದೆ
ಚಪ್ಪಲಿ ಕಳಚುತ್ತಲೇ ಕೇಳುತ್ತಾರೆ:
‘ಅತ್ತೆ ಸಿಕ್ಕಿದರಾ ಮಾರಾಯ್ತಿ?’

ಎಲ್ಲರೂ ಶುಕ್ರವಾರ ಬರುವುದಿಲ್ಲ.
ಎರಡನೇ ಬೆಡ್ಡಿನ ಹುಡುಗನಿಗೆ
ಚಿಮಣಿಯ ಬಾಗಿಲ ತನಕ ಹೇಳಿದ್ದೆ.
ಆರನೇ ಬೆಡ್ಡಿನ ಟೀಚರಿಗೆ ಹೊಳೆ ಮಾತ್ರ,
ಹಲ್ಲು ಇನ್ನೂ ಬಿದ್ದಿರಲಿಲ್ಲ.
ಹೀಗೆ ಉಳಿದ ಕೊನೆಗಳು ನನ್ನಲ್ಲಿ
ಬಿಡಿಬಿಡಿಯಾಗಿ ಸೇರಿವೆ.
ಎಣಿಸಿ ಕಟ್ಟಿ ಒಪ್ಪಿಸಿಬಿಡೋಣವೆಂದರೆ
ವಾರಿಜಕ್ಕ ಇಲ್ಲ,
ಬ್ರಾಂಚಿನ ಜಾಗದಲ್ಲಿ ಮೊಬೈಲ್ ರಿಪೇರಿಯ ಅಂಗಡಿ.

ರಾತ್ರಿ ಪಾಳಿ ಮುಗಿಸಿ
ಮೊದಲ ಬಸ್ಸಿನಲ್ಲಿ ಬಜಾಲಿಗೆ ಹೋಗುವಾಗ
ಹಿಂದಿನ ಸೀಟಿನಲ್ಲಿ ಯಾರೋ ಫೋನಿಗೆ ಅನ್ನುತ್ತಾರೆ,
‘ಬೊಕ್ಕ?’
ನನ್ನ ಹೆಬ್ಬೆರಳು ತೋರುಬೆರಳ ಮೇಲೆ
ತಾನಾಗಿ ಉರುಳುತ್ತದೆ,
ಏನನ್ನೋ ಸುತ್ತುತ್ತ.